ದಬ್ಬಣದಕ್ಕ ಆರಿಸಿದ ಮೊದಲ ಹೆಣ್ಣುನಾಯಿ

ಧಾನ್ಯದ ಗೋದಾಮಿನಲ್ಲಿ ಅವಳನ್ನು ಹೆಸರು ಹಿಡಿದು ಕರೆದವರೇ ಇಲ್ಲ. ದಬ್ಬಣದಕ್ಕ ಅಂದರೆ ಮುಗಿಯಿತು. ಇಲಿ ಕಡಿದ ಗೋಣಿಚೀಲಗಳನ್ನು ಹೊಲಿಯುವುದು ಅವಳ ಕೆಲಸ. ಗೇಣುದ್ದದ ದಬ್ಬಣ ಸದಾ ತುರುಬಿನಲ್ಲಿ, ಹುರಿಯ ಉಂಡೆ ಸದಾ ಮಡಿಲಲ್ಲಿ. ನಾಲಿಗೆಯೂ ಆ ದಬ್ಬಣದ ಹಾಗೇ, ಈ ಕಡೆ ಚುಚ್ಚಿದರೆ ಆ ಕಡೆ ಹೊರಗೆ ಬರುವಂಥದ್ದು. ಎರಡೆರಡು ಮೂಟೆ ಒಟ್ಟಿಗೆ ಹೊರುವ ಗಟ್ಟಿ ಆಳುಗಳು ಕೂಡ ಅವಳ ಮುಂದೆ ಹಾಯುವಾಗ ಬಾಯಿ ಬಿಗಿಹಿಡಿದುಕೊಂಡೇ ಹೋಗುತ್ತಾರೆ.

ಆದರೆ ಅವಳ ಅಸಲು ಕೈಚಳಕ ಬೇರೆಯೇ ಇದೆ. ಚೀಲದ ತೂತು ನೋಡಿಯೇ ಅವಳು ಇಲಿ ಎಂಥದ್ದು ಅಂತ ಹೇಳಿಬಿಡುತ್ತಾಳೆ. ತೂತಿನ ಅಂಚು ನಯವಾಗಿದ್ದರೆ ಅದು ಪಳಗಿದ ಹಳೇ ಇಲಿ, ದಾರಿ ಗೊತ್ತಿದ್ದೇ ಬಂದಿದೆ. ಅಂಚು ಜೂಲುಜೂಲಾಗಿದ್ದರೆ ಎಳೆಯದು, ಹಲ್ಲು ನವೆಯುತ್ತೆ ಅಂತ ಸುಮ್ಮನೆ ಕಡಿದಿದೆ. ಕಾಳು ಮುಟ್ಟದೆ ಗೋಣಿಯ ನಾರನ್ನಷ್ಟೇ ಎಳೆದುಕೊಂಡು ಹೋಗಿದ್ದರೆ ಅದು ಬಸುರಿ, ಇಲ್ಲೇ ಎಲ್ಲೋ ಗೂಡಿಗೆ ಹಾಸಿಗೆ ಮಾಡುತ್ತಿದೆ. ಈ ಕೊನೆಯ ತೂತು ಕಂಡರೆ ಮಾತ್ರ ದಬ್ಬಣದಕ್ಕನ ಮುಖ ಸಣ್ಣಗಾಗುತ್ತಿತ್ತು. ಒಂದು ಬಸುರಿ ಇಲಿ ಅಂದರೆ ಬರುವ ತಿಂಗಳಿಗೆ ಒಂದು ಸೈನ್ಯ ಅಂತಲೇ ಲೆಕ್ಕ.

ಗೋದಾಮಿಗೆ ಒಂದು ನಾಯಿಯಿತ್ತು, ಸುಬೇದಾರ ಅಂತ. ಮೊಣಕಾಲಿಗೂ ಬರದಷ್ಟು ಗಿಡ್ಡ, ಒರಟು ಕೂದಲು, ಮುಖದ ತುಂಬ ಮೀಸೆ. ಇಲಿ ಹಿಡಿಯಲಿಕ್ಕೇ ಹುಟ್ಟಿದ ಜಾತಿ. ಅವನು ಹರೆಯದಲ್ಲಿದ್ದಾಗ ದಬ್ಬಣದಕ್ಕನಿಗೆ ಮಧ್ಯಾಹ್ನದ ಮೇಲೆ ಹೊಲಿಯಲು ಚೀಲವೇ ಸಿಗುತ್ತಿರಲಿಲ್ಲ, ಕೂತು ಆಕಳಿಸುತ್ತಿದ್ದಳು. ಈಗ ಅವನ ಹಲ್ಲು ಉದುರಿದೆ. ಇಲಿಗಳು ಅವನ ಮೀಸೆಯ ಮುಂದೆಯೇ ವಾಕಿಂಗ್ ಹೋಗುತ್ತವೆ. ಹರಿದ ಚೀಲದ ರಾಶಿ ಅವಳ ತಲೆ ಮೀರಿ ಬೆಳೆದಿತ್ತು.

ಮ್ಯಾನೇಜರು ವಿಷ ಇಡಿಸುತ್ತೇನೆ ಎಂದು ಹೊರಟಾಗ ದಬ್ಬಣದಕ್ಕ ಬಾಗಿಲಿಗೆ ಅಡ್ಡ ನಿಂತಳು.

"ಸಾರ್, ವಿಷ ತಿಂದ ಇಲಿ ಬೀದಿಗೆ ಹೋಗಿ ಸಾಯಲ್ಲ. ಮೂಟೆ ಸಂದೀಲೇ ಸಾಯುತ್ತೆ. ಕೊಳೆತ ಮೇಲೆ ಅದನ್ನ ಎಳೆದು ಹಾಕೋಳು ನಾನು, ನೀವಲ್ಲ. ನಾನು ನಾಯಿ ತರ್ತೀನಿ."

"ಸರಿ ಮಾರಾಯ್ತಿ, ಸುಬೇದಾರನ ಥರದ್ದೇ ಒಂದು ಗಂಡು ತಂದುಬಿಡು."

"ಗಂಡಲ್ಲ ಸಾರ್, ಹೆಣ್ಣು. ಸುಬೇದಾರ ಹೋದ್ರೆ ಅಲ್ಲಿಗೆ ಸುಬೇದಾರ ಮುಗೀತು. ಹೆಣ್ಣು ತಂದ್ರೆ ಅದರ ಮಗಳು, ಮಗಳ ಮಗಳು, ಅವಳ ಮಗಳು... ನೀವು ರಿಟೈರಾಗಿ, ನಾನು ಮಣ್ಣಾಗಿ ಹೋದ್ರೂ ಇಲ್ಲಿ ಇಲಿ ಹಿಡಿಯೋರು ಇರ್ತಾರೆ."

ಮ್ಯಾನೇಜರು ತಲೆ ಕೆರೆದುಕೊಂಡು ಒಳಗೆ ಹೋದರು. ಚೀಲ ಹೊಲಿಯುವ ಹೆಂಗಸೊಬ್ಬಳು ತಾನು ಸತ್ತ ಮೇಲಿನ ಇಲಿಗಳ ಬಗ್ಗೆ ಯೋಚಿಸುತ್ತಾಳೆ ಅಂದರೆ ಯಾರಾದರೂ ಏನು ಹೇಳಿಯಾರು?

ಮನೆಯಲ್ಲಿ ಅತ್ತೆ ಮಾತ್ರ ಅಷ್ಟು ಸುಲಭಕ್ಕೆ ಒಳಗೆ ಹೋಗುವವರಲ್ಲ. ಮಂಚದ ಮೇಲೆ ಕೂತು ಕಾಲು ನೀವಿಕೊಳ್ಳುತ್ತಲೇ ತೀರ್ಪು ಕೊಟ್ಟರು. "ನಾಯಿ ತಾ, ಹಂದಿ ತಾ, ನಿನ್ನಿಷ್ಟ. ಅದಕ್ಕೆ ಬಾಣಂತನ ಮಾಡು ಅಂತ ಮಾತ್ರ ನನ್ನ ಹತ್ರ ಬರ್ಬೇಡ. ಐದು ಹೆತ್ತು, ಸೊಸೆಯಂದಿರದ್ದೆಲ್ಲಾ ಮಾಡಿ ಮುಗಿಸಿದೀನಿ. ನನ್ನ ಕೈ ರಿಟೈರಾಗಿದೆ."

"ನಿಮ್ಮ ಕೈ ರಿಟೈರಾಗ್ಲಿ ಅತ್ತೆ, ಬಾಯಿ ಯಾವಾಗ ಆಗುತ್ತೆ?"

"ಅದು ನಿನ್ನ ಬಾಯಿ ನಿಂತ ಮಾರನೇ ದಿನ."

ಇದು ಆ ಮನೆಯಲ್ಲಿ ದಿನಾ ನಡೆಯುವ ಮಾತುಕತೆ. ತಕ್ಕಡಿಯಲ್ಲಿ ತೂಗುವ ಕೆಲಸದ ಗಂಡ ಇಬ್ಬರ ನಡುವೆ ಪೇಪರು ಎತ್ತಿ ಹಿಡಿದು ಕೂತಿರುತ್ತಾನೆ.

ಇಲಿ ನಾಯಿಗಳ ಒಳ್ಳೇ ತಳಿ ಇದ್ದದ್ದು ಹಿಟ್ಟಿನ ಗಿರಣಿಯ ಒಡತಿಯ ಹತ್ತಿರ. ಊರೆಲ್ಲ ಅವಳನ್ನು ಗಿರಣಿಯಮ್ಮ ಅಂತಲೇ ಕರೆಯುತ್ತದೆ. ರೆಪ್ಪೆಯ ಮೇಲೂ ಹಿಟ್ಟು ಕೂತ ವಯಸ್ಸಾದ ಹೆಂಗಸು. ಯಂತ್ರದ ಸದ್ದಿನ ಮೇಲೆ ಕೂಗಿ ಕೂಗಿ, ಗುಟ್ಟನ್ನೂ ಬೀದಿಗೆ ಕೇಳುವ ಹಾಗೆ ಹೇಳುತ್ತಾಳೆ. ರಜೆಯ ದಿನ ದಬ್ಬಣದಕ್ಕ ಅಲ್ಲಿಗೆ ಹೊರಟಳು. ಜೊತೆಗೆ ಮೂಟೆ ಆಳುಗಳ ಮೇಸ್ತ್ರಿಯೂ ಹೊರಟ. ಅವನನ್ನು ಯಾರೂ ಕರೆದಿರಲಿಲ್ಲ, ನಾಯಿ ವಿಷಯದಲ್ಲಿ ತನ್ನನ್ನು ಬಿಟ್ಟರಿಲ್ಲ ಅಂತ ಅವನೇ ತಿಳಿದುಕೊಂಡಿದ್ದ.

ಗಿರಣಿಯಮ್ಮ ಅವರನ್ನು ಹಿಂಭಾಗದಲ್ಲಿ ಸರಳಿನ ಕಟಾಂಜನ ಹಾಕಿದ ನಾಯಿಗೂಡಿನ ಹತ್ತಿರ ಕರೆದುಕೊಂಡು ಹೋದಳು. ಒಳಗೆ ಎರಡು ಎಳೇ ಹೆಣ್ಣುನಾಯಿಗಳು. ಒಂದು ಕೆಂಚು, ಮೈಯೆಲ್ಲ ಸ್ಪ್ರಿಂಗು, ನಿಂತಲ್ಲಿ ನಿಲ್ಲಲಾರದ್ದು. ಇನ್ನೊಂದು ಬೂದು ಬಣ್ಣದ್ದು, ಮೂಲೆಯಲ್ಲಿ ಕೂತು ಬಂದವರನ್ನು ಒಬ್ಬೊಬ್ಬರನ್ನಾಗಿ ನೋಡುತ್ತಿತ್ತು.

"ಇದು ಮಿಂಚು, ಅದು ಬೂದಿ. ಒಂದೇ ಸೂಲಿನ ಅಕ್ಕತಂಗಿ," ಗಿರಣಿಯಮ್ಮ ಕೂಗಿದಳು. "ಇವರಮ್ಮ ಒಳಗಿನ ಕೋಣೇಲಿ ಮರಿ ಹಾಕೊಂಡು ಮಲಗಿದಾಳೆ. ಮೂರು ಮರಿ, ಮೂರೂ ಗಂಡು. ಅದೇ ಕೊನೆ. ನನ್ನ ಮಂಡಿ ಕೈಕೊಟ್ಟಿದೆ, ನೆಲದ ಮೇಲೆ ಕೂತು ಹೆರಿಗೆ ಮಾಡಿಸೋದು ಇನ್ನು ಆಗಲ್ಲ. ಈ ಎರಡರಲ್ಲಿ ಒಂದನ್ನ ನೀನು ತಗೋ. ಇನ್ನೊಂದಕ್ಕೆ ಆಪರೇಶನ್ ಮಾಡಿಸಿ ನನ್ನ ಹತ್ರ ಇಟ್ಕೋತೀನಿ."

"ಎರಡೂ ಕೊಟ್ಬಿಡಿ ಅಮ್ಮ," ಎಂದಳು ದಬ್ಬಣದಕ್ಕ. "ಎರಡನ್ನೂ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋತೀನಿ."

"ಕೊಡಲ್ಲ. ಎರಡು ಕೊಟ್ರೆ ನೀನು ಆರಿಸೋದೇ ಇಲ್ಲ. ಎರಡರಲ್ಲೂ ಮರಿ ತೆಗೀತೀಯ, ಜೊಳ್ಳೂ ಕಾಳೂ ಒಂದೇ ಚೀಲಕ್ಕೆ ಬೀಳುತ್ತೆ. ನಮ್ಮಮ್ಮ ನನಗೆ ಒಂದೇ ಕೊಟ್ಲು. ಅವಳಿಗೆ ಅವಳಮ್ಮ ಒಂದೇ ಕೊಟ್ಲು. ಈ ಮನೇಲಿ ಹೆಣ್ಣುನಾಯಿ ಯಾವಾಗಲೂ ಹಾಗೇ ಕೈ ದಾಟಿದ್ದು. ತಗೊಳ್ಳೋರೇ ಆರಿಸಬೇಕು, ಕೊಡೋರು ಬಾಯಿ ಬಿಡಬಾರದು."

"ಯಾವುದು ಅಂತ ಸ್ವಲ್ಪ ಹೇಳಬಾರದಾ?"

"ನಾನು ಹೇಳಿದ್ರೆ ಅದು ನನ್ನ ನಾಯಿಯಾಗೇ ಉಳಿಯುತ್ತೆ. ಏನಾದ್ರೂ ಎಡವಟ್ಟಾದ ದಿನ ನನ್ನ ಬೈಕೊಂಡು ಕೂತ್ಕೋತೀಯ. ನೀನೇ ಆರಿಸು. ನೀನು ಎಡವಿದ್ರೆ ಈ ತಳಿ ಅಲ್ಲಿಗೆ ಮುಗೀತು, ಅಷ್ಟೇ."

ಅಷ್ಟೇ ಅಂತೆ! ದಬ್ಬಣದಕ್ಕ ಅವಳ ಮುಖ ನೋಡಿದಳು. ಹಿಟ್ಟು ಮೆತ್ತಿದ ಆ ಮುಖದಲ್ಲಿ ನಗುವೂ ಇಲ್ಲ, ಹೆದರಿಸುವ ಭಾವವೂ ಇಲ್ಲ. ಸುಮ್ಮನೆ ಕೈ ಬೀಸಿ ಅವಳು ಯಂತ್ರ ಚಾಲೂ ಮಾಡಲು ಹೋದಳು.

ಗಿರಣಿ ಗಡಗಡ ಅನ್ನತೊಡಗಿತು. ಮೇಸ್ತ್ರಿ ತೋಳು ಮಡಿಸಿ ಗೋಡೆ ಬದಿಯ ತೌಡಿನ ಮೂಟೆಗಳನ್ನು ಎಳೆಯಲು ಶುರು ಮಾಡಿದ. ಎರಡೂ ನಾಯಿಗಳನ್ನು ಬಿಟ್ಟಿದ್ದರು. ಮೊದಲ ಮೂಟೆ ಸರಿಯುತ್ತಿದ್ದಂತೆ ಇಲಿ ಹೊರಗೆ ಬಿತ್ತು. ಬಿತ್ತೋ ಇಲ್ಲವೋ, ಮಿಂಚು ಅಲ್ಲಿದ್ದಳು. ಒಂದು ಕಡಿತ, ಒಂದು ಕೊಡವು, ಎಸೆದಾಯಿತು. ಮುಂದಿನದು. ಮೂಟೆಯ ಮೇಲಿಂದ ಹಾರಿ, ಗಾಳಿಯಲ್ಲೇ ತಿರುಗಿ, ಗೋಡೆ ಹತ್ತುತ್ತಿದ್ದ ಇನ್ನೊಂದು. ಸತ್ತ ಇಲಿಗಳು ನೆಲಕ್ಕೆ ಬೀಳುವ ಮೊದಲೇ ಅವಳು ಬೇರೆ ಕಡೆ ಇರುತ್ತಿದ್ದಳು. ದಬ್ಬಣದಕ್ಕ ಬಾಯಿ ತೆರೆದದ್ದು ಮುಚ್ಚಲಿಲ್ಲ. ಸುಬೇದಾರನ ಒಳ್ಳೇ ಕಾಲದಲ್ಲೂ ಇಂಥದ್ದನ್ನು ಅವಳು ನೋಡಿರಲಿಲ್ಲ.

"ಅಕ್ಕಾ! ಇದು ನಾಯಿ ಅಲ್ಲಕ್ಕಾ, ಗುಂಡು!" ಮೇಸ್ತ್ರಿ ಸದ್ದಿನ ಮೇಲೆ ಅರಚಿದ. "ಆ ಬೂದಿ ನೋಡು, ಭಾಷಣ ಕೇಳೋಕೆ ಬಂದೋರ ಥರ ಕೂತಿದೆ!"

ನಿಜ. ಬೂದಿ ಮೋರಿಯ ಬಾಯಿಯ ಹತ್ತಿರ ತಲೆ ಓರೆ ಮಾಡಿ ಕೂತಿದ್ದಳು. ಇಷ್ಟು ಗಲಾಟೆಯಲ್ಲಿ ಅವಳು ಹಿಡಿದದ್ದು ಒಂದೇ ಒಂದು ಇಲಿ. ಅದೂ ತಾನಾಗಿ ಬಾಯಿಯ ಹತ್ತಿರ ಬಂದದ್ದು.

ದಬ್ಬಣದಕ್ಕನ ಮನಸ್ಸು ಅಲ್ಲೇ ಮಾರಿಹೋಯಿತು. ಮನೆಗೆ ಬಂದು ಅತ್ತೆಯ ಮುಂದೆ ಮಿಂಚುವಿನ ಹಾರಾಟವನ್ನು ಕೈ ಕಾಲು ಆಡಿಸಿ ತೋರಿಸಿದಳು. ಒಂದು ದಿಂಬು ಇಲಿಯಾಯಿತು. ಅತ್ತೆ ನೋಡಿ ಮೂಗು ಮುರಿದರು. "ಅಷ್ಟು ಅವಸರದೋಳು ಮರಿ ಹಾಕ್ತಾಳಾ, ಇಲ್ಲಾ ಓಡೋ ದಾರೀಲಿ ಉದುರಿಸ್ಕೊಂಡು ಹೋಗ್ತಾಳಾ?"

"ನಿಮಗೆ ಬರೀ ಕೊಂಕು."

ವಾರ ಪೂರ್ತಿ ದಬ್ಬಣದಕ್ಕ ಕೂತಲ್ಲಿ ಕೂರಲಿಲ್ಲ. ಗೋಣಿ ಹುರಿಯನ್ನು ಮೂರೆಳೆ ಮಾಡಿ, ತಾನೇ ಹೆಣೆದು, ಮಿಂಚುವಿನ ಕೊರಳಿಗೆ ಪಟ್ಟಿ ತಯಾರು ಮಾಡಿದಳು. ಮುಂದಿನ ರಜೆಗೆ ಅದನ್ನು ಕೈಗೆ ಸುತ್ತಿಕೊಂಡು ಗಿರಣಿಗೆ ಹೋದಳು. ಮೇಸ್ತ್ರಿ ಈ ಸಲವೂ ಕರೆಯದೆಯೇ ಬಂದಿದ್ದ.

ಅವತ್ತು ಗಿರಣಿ ನಿಂತಿತ್ತು. ಬೀಸುವ ಕಲ್ಲು ಸವೆದಿದೆ ಅಂತ ಗಿರಣಿಯಮ್ಮ ಅದನ್ನು ಬಿಚ್ಚಿ ಉಳಿಯಿಂದ ಕಚ್ಚು ಹಾಕುತ್ತಾ ಕೂತಿದ್ದಳು. ಆ ಜಾಗಕ್ಕೆ ಅಂಥ ಮೌನ ಹೊಸದು, ಹಿಟ್ಟು ಉದುರುವುದೂ ಕೇಳಿಸುತ್ತದೇನೋ ಅನ್ನಿಸುತ್ತಿತ್ತು.

"ಆರಿಸಿದ್ಯಾ?"

"ಆರಿಸಿದೆ ಅಮ್ಮ. ಮಿಂಚು."

ಗಿರಣಿಯಮ್ಮ ಉಳಿ ಕೆಳಗಿಟ್ಟಳು. "ಸರಿ. ಹೋಗೋ ಮುಂಚೆ ಒಂದು ಉಪಕಾರ ಮಾಡು. ಒಳಗಿನ ಕೋಣೇಲಿ ಮರಿಗಳ ಪೆಟ್ಟಿಗೆ ಇದೆ, ಬಿಸಿಲಿಗೆ ತಂದಿಡು. ನನಗೆ ಬಗ್ಗೋಕೆ ಆಗಲ್ಲ. ಅವರಮ್ಮ ಹಿತ್ತಲಲ್ಲಿ ಗಾಳಿ ತಗೋತಿದಾಳೆ."

ದಬ್ಬಣದಕ್ಕ ಪೆಟ್ಟಿಗೆಯನ್ನು ಹೊತ್ತು ತಂದು ಬಾಗಿಲ ಬಿಸಿಲಿಗೆ ಇಟ್ಟಳು. ಒಳಗೆ ಮೂರು ಮರಿಗಳು, ಇನ್ನೂ ಕಣ್ಣು ಬಿಟ್ಟಿಲ್ಲ, ಬೇಯಿಸಿದ ಗೆಣಸಿನ ಹಾಗೆ ಒಂದರ ಮೇಲೊಂದು ಬಿದ್ದಿದ್ದವು. ಆಸೆ ತಡೆಯದೆ ಒಂದನ್ನು ಅಂಗೈಗೆ ಎತ್ತಿಕೊಂಡಳು. ಇತ್ತ ಮೇಸ್ತ್ರಿ, ಉತ್ಸಾಹಕ್ಕೆ ಕಡಿಮೆಯಿಲ್ಲದವನು, ಪಟ್ಟಿ ಕಟ್ಟೋಣ ಅಂತ ಮಿಂಚುವಿನ ಕಟಾಂಜನದ ಬಾಗಿಲು ತೆಗೆದ.

ಅದೇ ಗಳಿಗೆಗೆ ಅಂಗೈಯಲ್ಲಿದ್ದ ಮರಿ ಕೀಚ್ ಅಂದಿತು.

ಸಣ್ಣ ಸದ್ದು. ತೆಳ್ಳಗೆ, ಚೂಪಾಗಿ. ಕಣ್ಣು ಮುಚ್ಚಿಕೊಂಡು ಕೇಳಿದರೆ ಇಲಿಯದ್ದೇ.

ಮಿಂಚು ಮೇಸ್ತ್ರಿಯ ಕಾಲಸಂದಿಯಿಂದ ಹೊರಟದ್ದನ್ನು ಯಾರೂ ನೋಡಲಿಲ್ಲ. ದಬ್ಬಣದಕ್ಕ ಕಂಡದ್ದು ತನ್ನ ಕಡೆ ಬರುತ್ತಿದ್ದ ಕೆಂಪು ಗೆರೆಯೊಂದನ್ನು. ಯಾಕೆ ಅಂತ ಗೊತ್ತಾಗುವ ಮೊದಲೇ ಅವಳ ಕೈ ಮೇಲಕ್ಕೆ ಹೋಗಿತ್ತು. ಮರಿ ಇದ್ದ ಜಾಗದಲ್ಲಿ ಹಲ್ಲು ಕಟಕ್ಕೆಂದವು. ಮಿಂಚು ಅವಳ ಅಂಗಿಯ ತೋಳಿಗೆ ನೇತುಬಿದ್ದಳು, ಬಟ್ಟೆ ಪರ್ ಎಂದು ಹರಿಯಿತು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ. ಅವತ್ತು ತೌಡಿನ ಮೂಟೆಯ ಹತ್ತಿರ ಇದ್ದ ಅದೇ ಬೆಳಕು, ಅದೇ ಖುಷಿ.

"ಹಿಡೀರಿ! ಹಿಡೀರಿ!"

ಮೇಸ್ತ್ರಿ ಬಂದು ಸೊಂಟ ಹಿಡಿದು ಎಳೆದು, ಮಿಂಚುವನ್ನು ಮತ್ತೆ ಕಟಾಂಜನಕ್ಕೆ ಹಾಕಿದ. ಅವನ ಮುಖ ಗಿರಣಿಯಮ್ಮನಿಗಿಂತ ಬೆಳ್ಳಗಾಗಿತ್ತು. ಮರಿಗೆ ಏನೂ ಆಗಿರಲಿಲ್ಲ. ದಬ್ಬಣದಕ್ಕ ಅದನ್ನು ಎದೆಗೆ ಒತ್ತಿಕೊಂಡು ನೆಲದ ಮೇಲೆ ಕೂತಳು.

"ನಿಮಗೆ ಗೊತ್ತಿತ್ತಾ ಅಮ್ಮ?"

"ಗೊತ್ತಿರ್ಲಿಲ್ಲ, ಅನುಮಾನ ಇತ್ತು. ಇವಳ ದೊಡ್ಡಮ್ಮ ಒಬ್ಬಳಿದ್ಲು, ಥೇಟ್ ಇವಳೇ." ಮೊದಲ ಸಲ ಗಿರಣಿಯಮ್ಮ ದನಿ ತಗ್ಗಿಸಿ ಮಾತಾಡಿದಳು. "ಅಂಥ ಬೇಟೆ ನಾಯಿ ನನ್ನ ಜನ್ಮದಲ್ಲಿ ನೋಡಿಲ್ಲ. ಮೊದಲ ಮರಿ ಹಾಕಿದ್ಲು. ಅದು ಕೀಚ್ ಅಂತು. ಅವಳು ತಿರುಗಿದ್ಲು. ಅಷ್ಟೇ. ನಾನು ಪಕ್ಕದಲ್ಲೇ ಕೂತಿದ್ದೆ, ಕೈ ಚಾಚೋಕೂ ಆಗ್ಲಿಲ್ಲ. ಎರಡನೇದೂ ಹಾಗೇ. ಆಮೇಲೆ ಇಡೀ ದಿನ ಮರಿ ಹುಡುಕಿದ್ಲು, ಮೂಲೆಮೂಲೆ ಮೂಸ್ಕೊಂಡು, ಕುಂಯ್‌ಗುಡ್ಕೊಂಡು. ತಾನೇ ಕೊಂದದ್ದು ಅಂತ ಅವಳಿಗೆ ಗೊತ್ತೇ ಇಲ್ಲ ಕಣೇ. ಅವಳ ಲೆಕ್ಕದಲ್ಲಿ ಅವಳು ಕೊಂದದ್ದು ಇಲಿ."

ಕಟಾಂಜನದೊಳಗೆ ಮಿಂಚು ಬಾಲ ಅಲ್ಲಾಡಿಸುತ್ತಾ, ಶಭಾಶ್ ಅನ್ನಿಸಿಕೊಳ್ಳಲು ಕಾಯುತ್ತಿದ್ದಳು.

ದಬ್ಬಣದಕ್ಕನಿಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಬಂದದ್ದು ಬೆರಗು. ಎಷ್ಟು ತಲೆಮಾರುಗಳು ಸೇರಿ ಆ ಕಿವಿಯನ್ನು ಕಡೆದಿದ್ದವು! ಕೀಚ್ ಅನ್ನುವುದಕ್ಕೂ ಕಡಿಯುವುದಕ್ಕೂ ನಡುವೆ ಒಂದು ಕೂದಲಿನ ಸಂದಿಯೂ ಇಲ್ಲದ ಹಾಗೆ. ಆ ಸಂದಿ ಇಲ್ಲದ್ದಕ್ಕೇ ಮಿಂಚು ಮಿಂಚಾದಳು. ಆ ಸಂದಿ ಇಲ್ಲದ್ದಕ್ಕೇ ಅವಳು ತಾಯಿಯಾಗಲಾರಳು.

"ಹಾಗಾದ್ರೆ ಬೂದಿನೇ ಗತಿ ಅನ್ನು," ಮೇಸ್ತ್ರಿ ಬೆವರು ಒರೆಸಿಕೊಂಡ. "ಅಲ್ಲಕ್ಕಾ, ಅದೂ ಬೇಡ. ಇಲಿ ಹಿಡಿಯೋಕೆ ಬರದ ತಾಯಿಗೆ ಇಲಿ ಹಿಡಿಯೋ ಮಗಳು ಎಲ್ಲಿಂದ ಹುಟ್ತಾಳೆ? ಮುದ್ದಿಗೆ ಸಾಕೋ ನಾಯಿ ಬೇಕಿದ್ರೆ ಬೀದೀಲೇ ಬೇಕಾದಷ್ಟಿವೆ."

ಬಾಯಿಬಡುಕನ ಮಾತು ಅಂತ ತಳ್ಳಿಹಾಕುವ ಹಾಗಿರಲಿಲ್ಲ. ಒಂದು ಕಡೆ ಬೇಟೆಯುಂಟು, ಮಡಿಲಿಲ್ಲ. ಇನ್ನೊಂದು ಕಡೆ ಮಡಿಲಿರಬಹುದು, ಬೇಟೆ ಇದೆಯೋ ಇಲ್ಲವೋ. ತಪ್ಪಿದರೆ ಗೋದಾಮಿಗೆ ಮತ್ತೆ ವಿಷ, ಈ ಮನೆಯಲ್ಲಿ ತಾಯಿಯಿಂದ ಮಗಳಿಗೆ ಕೈ ದಾಟಿ ಬಂದ ತಳಿಗೆ ಪೂರ್ಣವಿರಾಮ. ಹೆಣೆದ ಪಟ್ಟಿ ದಬ್ಬಣದಕ್ಕನ ಕೈಯಲ್ಲೇ ಬೆವೆತಿತ್ತು.

"ಅಮ್ಮ, ಬೂದೀನ ಬಿಡಿ. ನಾನು ಸ್ವಲ್ಪ ಹೊತ್ತು ಕೂತು ನೋಡ್ತೀನಿ."

"ನೋಡು. ಅವಳ ಕತ್ತಿನ ಮೇಲೆ ಕೈ ಇಟ್ಕೊಂಡೇ ನೋಡು."

ಬೂದಿ ಹೊರಗೆ ಬಂದಳು. ಅವಸರವಿಲ್ಲ. ದಬ್ಬಣದಕ್ಕನ ಹರಿದ ತೋಳನ್ನು ಮೂಸಿದಳು, ನಂತರ ಪೆಟ್ಟಿಗೆಯ ಅಂಚಿಗೆ ಗಲ್ಲ ಊರಿದಳು. ದಬ್ಬಣದಕ್ಕ ಅವಳ ಕುತ್ತಿಗೆಯ ಚರ್ಮವನ್ನು ಮುಷ್ಟಿಯಲ್ಲಿ ಬಿಗಿ ಹಿಡಿದಿದ್ದಳು. ಮರಿ ಮತ್ತೆ ಕೀಚ್ ಅಂದಿತು. ಮುಷ್ಟಿಯೊಳಗೆ ಬೂದಿಯ ಮೈ ಒಮ್ಮೆ ಬಿಗಿಯಾಯಿತು. ಕಿವಿ ಎದ್ದು ನಿಂತವು. ಹಾಗಾದರೆ ಇವಳಿಗೂ ಅದೇ ಕಿವಿ! ದಬ್ಬಣದಕ್ಕ ಮುಷ್ಟಿಯನ್ನು ಇನ್ನೂ ಬಿಗಿ ಮಾಡಿದಳು. ಬೂದಿ ತಲೆ ಓರೆ ಮಾಡಿದಳು. ಕೇಳಿದಳು. ಇನ್ನೊಂದು ಕಡೆ ಓರೆ ಮಾಡಿ ಮತ್ತೆ ಕೇಳಿದಳು. ಆಮೇಲೆ ಮುಷ್ಟಿಯೊಳಗಿನ ಬಿಗಿ ತಾನಾಗಿ ಸಡಿಲವಾಯಿತು. ಅವಳು ಪೆಟ್ಟಿಗೆಯೊಳಗೆ ಒಂದೊಂದೇ ಕಾಲು ಇಟ್ಟು ಇಳಿದಳು, ಒಂದು ಮರಿಯನ್ನೂ ತುಳಿಯದೆ, ಅವುಗಳ ಸುತ್ತ ಬಳೆಯ ಹಾಗೆ ಮೈ ಸುತ್ತಿ ಮಲಗಿದಳು. ಹಾಲಿಲ್ಲದ ಮೊಲೆಗೆ ಮರಿಗಳು ಬಾಯಿ ಹಾಕಿದವು. ಎಳೆದರೂ ಸುಮ್ಮನಿದ್ದಳು.

"ಮಡಿಲು ಸರಿ," ಮೇಸ್ತ್ರಿ ಪಿಸುಗುಟ್ಟಿದ. "ಹಲ್ಲು?"

"ಬಾಯಿ ಮುಚ್ಚು ಅಣ್ಣ."

ಬಿಸಿಲು ಹೊಸ್ತಿಲಿನಿಂದ ಜಾರಿ ಗೋಡೆಯ ಕಡೆ ಸರಿಯಿತು. ದಬ್ಬಣದಕ್ಕ ಅಲ್ಲಾಡದೆ ಕೂತಿದ್ದಳು. ಕೂತು ಕಾಯುವುದು ಅವಳ ಹೊಟ್ಟೆಪಾಡು, ಅದರಲ್ಲಿ ಅವಳನ್ನು ಸೋಲಿಸುವವರು ಕಡಿಮೆ. ಮೇಸ್ತ್ರಿ ತೂಕಡಿಸತೊಡಗಿದ. ಮರಿಗಳು ಪುಟ್ಟಪುಟ್ಟದಾಗಿ ಕೀಚುಗುಡುತ್ತಲೇ ಇದ್ದವು. ಆ ಸದ್ದಿನ ನಡುವೆ ಬೂದಿಯ ಒಂದು ಕಿವಿ, ಒಂದೇ ಕಿವಿ, ಗೋಡೆಯ ಕಡೆ ತಿರುಗಿತು.

ದಬ್ಬಣದಕ್ಕನಿಗೆ ಏನೂ ಕೇಳಿಸಲಿಲ್ಲ. ಗಿರಣಿಯಮ್ಮನೂ ಇಲ್ಲ ಎಂದು ತಲೆಯಾಡಿಸಿದಳು. ಬೂದಿಗೆ ಕೇಳಿಸಿತ್ತು. ಬಲಗಿವಿ ಮರಿಗಳ ಮೇಲೆ, ಎಡಗಿವಿ ಗೋಡೆಯ ಬುಡದಲ್ಲಿ ಯಂತ್ರದ ಬೆಲ್ಟು ಹೋಗುವ ಗುಂಡಿಯ ಮೇಲೆ. ಅವಳು ಎದ್ದಳು. ಹೊಟ್ಟೆಗೆ ಅಂಟಿದ್ದ ಮರಿಯನ್ನು ಮೂತಿಯಿಂದ ಬಿಡಿಸಿ ಬದಿಗಿಟ್ಟಳು. ಒಂದೊಂದೇ ಕಾಲು. ಗುಂಡಿಯ ಹತ್ತಿರ ಹೋಗಿ, ಅದರ ಬಾಯಿಗೆ ಅಲ್ಲ, ಬಾಯಿಗೂ ಮರಿಗಳ ಪೆಟ್ಟಿಗೆಗೂ ನಡುವಿನ ನೆಲದಲ್ಲಿ ಕೂತಳು. ಕಲ್ಲಾದಳು.

ಎಷ್ಟು ಹೊತ್ತಾಯಿತೋ. ಮೊದಲು ಮೀಸೆ ಕಂಡಿತು, ನಂತರ ತಲೆ. ಬೆಕ್ಕಿನ ಗಾತ್ರದ ಮುದಿ ಇಲಿ, ಕಿವಿ ಹರಿದದ್ದು, ಯಾರ ಕೈಗೂ ಸಿಗದೆ ಬಲಿತದ್ದು. ಎಳೇ ಮರಿಗಳ ವಾಸನೆಗೆ ಅದು ಪೆಟ್ಟಿಗೆಯ ಕಡೆಗೇ ಹೊರಟಿತ್ತು. ಬೂದಿ ಅದನ್ನು ಬರಲು ಬಿಟ್ಟಳು. ಇನ್ನೂ ಬರಲು ಬಿಟ್ಟಳು. ಮೇಸ್ತ್ರಿ ಎಚ್ಚರವಾಗಿ ಕಿರುಚಲು ಬಾಯಿ ತೆರೆದ, ಗಿರಣಿಯಮ್ಮ ಹಿಟ್ಟಿನ ಕೈಯಿಂದಲೇ ಅದನ್ನು ಮುಚ್ಚಿದಳು. ಇಲಿ ಬಿಲಕ್ಕೆ ವಾಪಸು ಓಡಲಾರದಷ್ಟು ದೂರ ಬಂದ ಮೇಲೆ ಬೂದಿ ಎದ್ದಳು. ಹಾರಾಟವಿಲ್ಲ, ಕೊಡವಾಟವಿಲ್ಲ. ಒಂದೇ ಕಡಿತ. ಇಲಿಗೆ ಕೀಚ್ ಅನ್ನಲೂ ಸಮಯ ಸಿಗಲಿಲ್ಲ.

ಅದನ್ನು ಅಲ್ಲೇ ಬಿಟ್ಟು, ಬಾಯನ್ನು ಗೋಣಿಗೆ ಒರೆಸಿ, ಅವಳು ಮತ್ತೆ ಪೆಟ್ಟಿಗೆಗೆ ಬಂದಳು. ಅಳುತ್ತಿದ್ದ ಮರಿಯನ್ನು ಅದೇ ಬಾಯಿಂದ ನೆಕ್ಕಿದಳು.

ಅದೇ ಬಾಯಿ! ದಬ್ಬಣದಕ್ಕನ ಕಣ್ಣು ತುಂಬಿತು. ದೊಡ್ಡ ಗುಡಿಯೋ ಸಮುದ್ರವೋ ನೋಡಿದವರು ಕೈ ಮುಗಿಯುತ್ತಾರಲ್ಲ, ಹಾಗೆ ಮುಗಿಯಬೇಕು ಅನ್ನಿಸಿತು, ಮೊಣಕಾಲೆತ್ತರದ ಈ ಬೂದು ಜೀವಕ್ಕೆ. ಒಂದೇ ಸದ್ದು, ಒಂದೇ ಕಿವಿ. ಆದರೆ ಇವಳಲ್ಲಿ ಆ ಕಿವಿಗೂ ಹಲ್ಲಿಗೂ ನಡುವೆ ಒಂದು ಸಣ್ಣ ಕೋಣೆಯಿದೆ. ಅಲ್ಲಿ ಕೂತು ಇವಳು, ಈ ಸದ್ದು ಯಾರದ್ದು ಅಂತ ಕೇಳಿಕೊಳ್ಳುತ್ತಾಳೆ.

"ಇವಳೇ ಅಮ್ಮ."

"ಎರಡು ಸಲ ಹೇಳು."

"ಇವಳೇ. ಇವಳೇ."

ಗಿರಣಿಯಮ್ಮ ಮುಖ ಒರೆಸಿಕೊಂಡಳು. ಹಿಟ್ಟಿನ ಮೇಲೆ ಎರಡು ಗೆರೆ ಮೂಡಿದವು. ಮಿಂಚುವಿಗೆ ಹೆಣೆದಿದ್ದ ಪಟ್ಟಿ ಬೂದಿಗೆ ದೊಡ್ಡದಾಯಿತು, ದಬ್ಬಣದಕ್ಕ ಅಲ್ಲೇ ತುರುಬಿನಿಂದ ದಬ್ಬಣ ತೆಗೆದು ಹೊಲಿದು ಚಿಕ್ಕದು ಮಾಡಿದಳು. ಹೊರಡುವಾಗ ಕಟಾಂಜನದ ಹತ್ತಿರ ಹೋಗಿ ಮಿಂಚುವಿನ ತಲೆ ಸವರಿದಳು. "ನೀನು ರಾಣಿ ಕಣಮ್ಮ. ಬೇಜಾರು ಮಾಡ್ಕೋಬೇಡ." ಮಿಂಚುವಿಗೆ ಯಾವ ಬೇಜಾರೂ ಇರಲಿಲ್ಲ, ಅವಳ ಕಣ್ಣು ಆಗಲೇ ಗೋಡೆಯ ಬಿರುಕಿನ ಮೇಲಿತ್ತು.

ಗೋದಾಮಿನಲ್ಲಿ ಬೂದಿಯನ್ನು ನೋಡಿ ಆಳುಗಳು ನಕ್ಕರು. ದಿನಕ್ಕೆ ಒಂದೋ ಎರಡೋ ಇಲಿ ಹಿಡಿದು ಮಲಗುವ ನಾಯಿ! ಮೇಸ್ತ್ರಿ ತಾನು ಕಣ್ಣಾರೆ ಕಂಡದ್ದನ್ನು ಹೇಳಿದರೆ, ನಿದ್ದೆಯಲ್ಲಿ ಕಂಡಿರಬೇಕು ಅಂದರು. ದಬ್ಬಣದಕ್ಕ ಮಾತ್ರ ಮಾತಾಡದೆ ತೂತುಗಳನ್ನು ನೋಡುತ್ತಿದ್ದಳು. ನಯವಾದ ಅಂಚಿನ ತೂತು ಇನ್ನೂ ಇದ್ದವು, ಜೂಲು ಅಂಚಿನವೂ ಇದ್ದವು. ನಾರು ಎಳೆದ ತೂತು ಮಾತ್ರ ಕಡಿಮೆಯಾಗುತ್ತಾ ಬಂದು, ಒಂದು ದಿನ ಇಡೀ ರಾಶಿಯಲ್ಲಿ ಒಂದೂ ಸಿಗಲಿಲ್ಲ. ಬೂದಿ ಗೂಡಿನೊಳಗಿನ ಇಲಿ ಮರಿಗಳ ಸದ್ದು ಹಿಡಿದು, ಅಲ್ಲಿಗೆ ಬರುವ ತಾಯಿಗಾಗಿ ಕಾಯುತ್ತಿದ್ದಳು. ಅವಳು ಹಿಡಿಯುತ್ತಿದ್ದದ್ದು ಒಂದೇ ಇಲಿ. ಆ ಒಂದು, ನಾಳಿನ ಸೈನ್ಯದ ಮೂಲ. ದಬ್ಬಣದಕ್ಕ ಆ ರಾಶಿಯನ್ನು ಮ್ಯಾನೇಜರಿಗೆ ತೋರಿಸಿದಳು. ಅವರಿಗೆ ಅರ್ಥವಾಗಲಿಲ್ಲ, ಆದರೂ ವಿಷದ ಮಾತು ನಿಂತಿತು.

ಚಳಿ ಇಳಿದ ಮೇಲೆ, ಎಣ್ಣೆ ಗಾಣದವರ ಮನೆಯ ಮೀಸೆ ಗಂಡಿನ ಜೊತೆ ಬೂದಿಯನ್ನು ಕೂಡಿಸಿದರು. ಅವಳ ಹೊಟ್ಟೆ ತುಂಬುತ್ತಾ ಬಂದಂತೆ ದಬ್ಬಣದಕ್ಕನ ಮಾತು ಕಡಿಮೆಯಾಗುತ್ತಾ ಬಂತು. ಬೇರೆಯವರ ಮರಿಯ ಹತ್ತಿರ ಸುಮ್ಮನಿದ್ದಾಳೆ, ನಿಜ. ಹೆರುವ ನೋವಿನಲ್ಲಿ, ರಕ್ತದ ವಾಸನೆಯಲ್ಲಿ, ತಲೆ ಕೆಟ್ಟ ಆ ಗಳಿಗೆಯಲ್ಲಿ ಆ ಸಣ್ಣ ಕೋಣೆಯ ಬಾಗಿಲು ತೆರೆದೇ ಇರುತ್ತದಾ? ಗಿರಣಿಯಮ್ಮನನ್ನು ಕೇಳಿದರೆ, "ಅದು ಅವತ್ತೇ ಗೊತ್ತಾಗೋದು," ಎಂದಿದ್ದಳು.

ಅವತ್ತು ಬಂದದ್ದು ಒಂದು ಬೆಳಿಗ್ಗೆ. ಹೆರಿಗೆಗೆಂದು ಮನೆಗೆ ಕರೆತಂದಿದ್ದ ಬೂದಿ ತಾನೇ ಜಾಗ ಆರಿಸಿಕೊಂಡಿದ್ದಳು: ಅತ್ತೆಯ ಮಂಚದ ಕೆಳಗೆ, ಅತ್ತೆಯ ಹಳೇ ಶಾಲಿನ ಮೇಲೆ.

"ನನ್ನ ಶಾಲು!" ಅತ್ತೆ ಕೂಗಿದರು. ಮರುಕ್ಷಣ, "ಲೇ, ಅದರ ಬೆನ್ನು ನೋಡು, ನೋವು ಬಂದಿದೆ. ಮಂಚ ಎತ್ರೋ ಯಾರಾದ್ರೂ!" ಗಂಡ ಪೇಪರು ಬಿಸಾಡಿ ಮಂಚ ಎತ್ತಿ ಗೋಡೆಗೆ ಒರಗಿಸಿದ. ರಿಟೈರಾದ ಕೈಯನ್ನು ನೆಲಕ್ಕೆ ಊರಿ ಅತ್ತೆ ಬೂದಿಯ ಪಕ್ಕದಲ್ಲೇ ಕೂತರು.

ಮೊದಲ ಮರಿ ಜಾರಿ ಬಂತು. ಬೂದಿ ಪೊರೆ ಹರಿದು, ಹೊಕ್ಕುಳಬಳ್ಳಿ ಕಡಿದು, ನೆಕ್ಕಿದಳು. ಮರಿ ಅಲ್ಲಾಡಲಿಲ್ಲ. ಮತ್ತೆ ನೆಕ್ಕಿದಳು, ಗಟ್ಟಿಯಾಗಿ. ಮರಿ ಬಾಯಿ ತೆರೆಯಿತು.

ಕೀಚ್.

ಬೂದಿಯ ತಲೆ ಸರಕ್ಕನೆ ಎದ್ದಿತು. ಎರಡೂ ಕಿವಿ ನಿಂತವು. ಮೈಯೆಲ್ಲ ಹುರಿಯಂತೆ ಬಿಗಿಯಿತು, ಗುಂಡಿಯ ಮುಂದೆ ಕೂತಾಗ ಬಿಗಿದಂತೆಯೇ. ದಬ್ಬಣದಕ್ಕನ ಕೈ ಮುಂದಕ್ಕೆ ಹೊರಟಿತು. ಅತ್ತೆ ಆ ಮಣಿಕಟ್ಟನ್ನು ಗಪ್ಪನೆ ಹಿಡಿದರು.

"ಬಿಡು. ಅವಳು ಕೇಳಿಸ್ಕೋತಿದಾಳೆ."

ಕೀಚ್, ಅಂದಿತು ಮರಿ ಇನ್ನೊಮ್ಮೆ.

ಬೂದಿ ತಲೆ ಓರೆ ಮಾಡಿದಳು. ಇನ್ನೊಂದು ಕಡೆಗೂ ಓರೆ ಮಾಡಿದಳು. ಅವಳ ಬಾಯಿ ತೆರೆಯಿತು, ಹಲ್ಲು ಕಂಡವು, ಕೆಳಗೆ ಬಂದವು. ಎಷ್ಟೋ ಇಲಿಗಳ ಬೆನ್ನು ಮುರಿದ ಆ ಹಲ್ಲುಗಳು ಒದ್ದೆ ಮರಿಯ ಕುತ್ತಿಗೆಯನ್ನು ಹಿಡಿದವು, ಒಂದು ಕೂದಲೂ ನೋಯದ ಹಾಗೆ, ಎತ್ತಿದವು, ತಂದು ಹೊಟ್ಟೆಯ ಬಿಸಿಗೆ ಇಟ್ಟವು. ಮರಿ ತಡಕಾಡಿ ಮೊಲೆ ಹಿಡಿಯಿತು. ಬೂದಿ ಉಸ್ಸೆಂದು ಗಲ್ಲವನ್ನು ಶಾಲಿನ ಮೇಲಿಟ್ಟಳು.

ಅತ್ತೆ ಬಗ್ಗಿ, ಮರಿಯ ಬಾಲವನ್ನು ಕಿರುಬೆರಳಿನಿಂದ ಎತ್ತಿ ನೋಡಿದರು.

"ಹೆಣ್ಣು ಕಣೇ!"

ದಬ್ಬಣದಕ್ಕನ ಕಣ್ಣು ಹರಿಯುತ್ತಿತ್ತು.

"ಅಳೋದು ಆಮೇಲೆ ಅಳುವೆಯಂತೆ," ಅತ್ತೆ ಗದರಿದರು. "ಇನ್ನೊಂದು ಬರ್ತಿದೆ. ಹೋಗಿ ಬಿಸಿನೀರು ತಾ, ಒಣಗಿದ ಬಟ್ಟೆ ತಾ. ಸೂಲಗಿತ್ತಿ ನಾನು ಒಬ್ಬಳೇ ಏನು ಮಾಡ್ಲಿ?"